ಬೈರಕೂರಿನ ಅಜ್ಜಿ, ಮೊಮ್ಮಗನ ಕಿವಿ

ವೇಮಗಲ್‌ನಲ್ಲಿ ಫ್ಯಾಕ್ಟರಿಗೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಡೇಕೇರ್ ನನ್ನದು. ಒಂದು ಮಗು ಸೀನಿದರೆ ವಾರದೊಳಗೆ ಎಲ್ಲಕ್ಕೂ ನೆಗಡಿ. ಆ ನೆಗಡಿ ಹೋಗುವಾಗ ಯಾವುದಾದರೂ ಮಗುವಿನ ಕಿವಿ ಹಿಡಿದುಕೊಂಡೇ ಹೋಗುತ್ತದೆ. ಹಾಗಾಗಿ ನಮ್ಮಲ್ಲಿ ಕಿವಿಯ ರಾಮಾಯಣ ಮುಗಿಯುವುದಿಲ್ಲ.

ಒಗ್ಗರಣೆ

ಮೂರು ವರ್ಷದ ಹುಡುಗನೊಬ್ಬನಿಗೆ ಕಿವಿನೋವು ಬಂತು. ಬೈರಕೂರಿನಿಂದ ಬಂದಿದ್ದ ಅವನ ಅಜ್ಜಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ, ಆರಿಸಿ, ಕಿವಿಗೆ ಬಿಟ್ಟು, ಹತ್ತಿ ತುರುಕಿ ಕಳಿಸಿದರು. ಅವನು ಒಳಗೆ ಬಂದದ್ದೇ ತಡ, ಮಕ್ಕಳೆಲ್ಲ ಸುತ್ತ ಕೂತು ಮೂಸತೊಡಗಿದವು. ಒಬ್ಬಳು ತಟ್ಟೆ ಹಿಡಿದು ಬಂದಳು. "ಮಿಸ್, ಚಿತ್ರಾನ್ನ ಆಯ್ತಾ?"

ಯಾವ ಭಾಷೆ

ನೋವು ಹೋಯಿತು. ಆದರೆ ಕರೆದರೆ ಹುಡುಗ ತಿರುಗುತ್ತಿರಲಿಲ್ಲ. ಹಟ ಅಂದುಕೊಂಡೆ. ಬೆನ್ನ ಹಿಂದೆ ತಟ್ಟೆ ಬಿದ್ದರೂ ಅಲುಗದಿದ್ದಾಗ ಅವನ ತಾಯಿಗೆ ಹೇಳಿದೆ. ಅವಳು ಅತ್ತುಬಿಟ್ಟಳು. ಮರುದಿನ ಅವಳು, ಅಜ್ಜಿ, ನಾನು ಅವನನ್ನು ಕರೆದುಕೊಂಡು ಕೋಲಾರದ ಕಿವಿ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರು ಹುಡುಗನ ಹಿಂದೆ ನಿಂತು ಮೆಲ್ಲಗೆ, "ನಿನ್ನ ಹೆಸರೇನೋ?" ಅಂದರು. ಉತ್ತರವಿಲ್ಲ.

"ಕನ್ನಡದಲ್ಲಿ ಕೇಳಿದ್ರೆ ಹೆಂಗೆ ಸಾರ್? ನಮ್ಮನೇಲಿ ತೆಲುಗು," ಅಂದರು ಅಜ್ಜಿ.

ಡಾಕ್ಟರು ಬೇಸರಿಸದೆ, "ನೀ ಪೇರೇಮಿರಾ?" ಅಂದರು. ಅದಕ್ಕೂ ಇಲ್ಲ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಉರ್ದೂಲೂ ಒಂದ್ಸಲ ನೋಡಿಬಿಡಿ ಸಾರ್."

ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ಡಾಕ್ಟರು ಹೇಳಿದರು: "ನೆಗಡಿಯಿಂದ ಕಿವಿಪರದೆ ಹಿಂದೆ ನೀರು ನಿಂತಿದೆ. ಸಾಮಾನ್ಯವಾಗಿ ತಾನಾಗೇ ಇಳಿಯುತ್ತೆ. ಎರಡು-ಮೂರು ತಿಂಗಳು ಕಾಯೋಣ, ಇಳೀದಿದ್ರೆ ಮುಂದೆ ನೋಡೋಣ. ಕಿವಿಗೆ ಎಣ್ಣೆ ಮಾತ್ರ ಹಾಕಬೇಡಿ."

ತಾಯಿಗೆ ಉಸಿರು ಬಂತು. ಅಜ್ಜಿ ಮಾತ್ರ ನಂಬಲಿಲ್ಲ. "ಸಾವಿರ ಅಡಿ ಕೊರೆಸಿದ್ರೂ ನಮ್ಮ ತೋಟದಲ್ಲಿ ನೀರು ಬರಲಿಲ್ಲ. ಇವನ ಕಿವೀಲಿ ಬಂತಾ!"

ವರದಿ

ಎರಡು ತಿಂಗಳು ಕಳೆಯುವಷ್ಟರಲ್ಲಿ, ಹುಡುಗನಿಗೆ ಕೇಳಿಸುವುದಿಲ್ಲವೆಂದು ಅವನೆದುರೇ ಏನು ಬೇಕಾದರೂ ಮಾತಾಡುವುದು ಅವನ ತಾಯಿಗೆ ರೂಢಿಯಾಗಿತ್ತು. ಒಂದು ಸಂಜೆ ಅವನನ್ನು ಕರೆದೊಯ್ಯಲು ಬಂದಳು. ಅಜ್ಜಿ ಗೇಟಿನ ಹತ್ತಿರ ಚಪ್ಪಲಿ ಬಿಡುತ್ತಿದ್ದರು. ಹುಡುಗ ನಮಗೆ ಬೆನ್ನು ಮಾಡಿ ಆಡುತ್ತಿದ್ದ.

"ಸಂಕ್ರಾಂತಿಗೆ ಬಂದ ಅತ್ತೆ ಇನ್ನೂ ಊರಿಗೆ ಹೊರಡೋ ಹಂಗೆ ಕಾಣ್ತಿಲ್ಲ ಮಿಸ್," ಎಂದು ಪಿಸುಗುಟ್ಟಿದಳು.

ಹುಡುಗ ತಟ್ಟನೆ ತಿರುಗಿ ಕೂಗಿದ: "ಅಜ್ಜೀ, ಊರಿಗೆ ಯಾವಾಗ ಹೋಗ್ತೀಯಾ? ಅಮ್ಮ ಕೇಳ್ತಾವ್ಳೆ!"

ಅಜ್ಜಿ ಸೊಸೆಯನ್ನು ನೋಡಿದರು, ಮೊಮ್ಮಗನನ್ನು ನೋಡಿದರು. ಓಡಿಬಂದು ಅವನನ್ನು ಬಾಚಿಕೊಂಡರು. "ಕೇಳಿಸ್ತು! ನನ್ ಕಂದಂಗೆ ಕೇಳಿಸ್ತು!" ಸೊಸೆಯೂ ಅಳುತ್ತಿದ್ದಳು, ಸಂತೋಷಕ್ಕೋ ಭಯಕ್ಕೋ ನನಗೆ ತಿಳಿಯಲಿಲ್ಲ.

ಅಜ್ಜಿ ಮೂಗೊರೆಸಿಕೊಂಡು ಸೊಸೆಗೆ ಹೇಳಿದರು: "ಹೋಗಬೇಕು ಅಂತಾನೇ ಇದ್ದೆ ಕಣಮ್ಮ. ಇಷ್ಟು ಚೆನ್ನಾಗಿ ವರದಿ ಕೊಡೋನು ಮನೇಲಿರುವಾಗ ಇನ್ಯಾಕೆ ಹೋಗ್ಲಿ?"