ನನ್ನ ಅತ್ಯಂತ ನಿಷ್ಠಾವಂತ ಓದುಗರಾದ ಗೋಡೆ ಶುಚಿ ವಿಭಾಗಕ್ಕೆ

ನಗರದ ಸಕಲ ಗೋಡೆಗಳನ್ನೂ ಒಂದೇ ಬೂದುಬಣ್ಣದಲ್ಲಿ ಸಮಾನರನ್ನಾಗಿ ಮಾಡುತ್ತಿರುವ ಗೋಡೆ ಶುಚಿ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಿಗೆ, ಬೀದಿಚಿತ್ರಗಳ ಜಾಲತಾಣವೊಂದರ ಸ್ಥಾಪಕ, ಸಂಪಾದಕ, ಛಾಯಾಗ್ರಾಹಕ ಮತ್ತು ಬಹುಕಾಲ ಅದರ ಏಕೈಕ ಓದುಗನೂ ಆಗಿದ್ದ ಬಡಪಾಯಿಯ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸಿದ್ದೇನೆ. ತಮ್ಮ ಸಿಬ್ಬಂದಿಯ ಯೋಗಕ್ಷೇಮವನ್ನು ಬೇರೆಯಾಗಿ ವಿಚಾರಿಸುವ ಅಗತ್ಯವಿಲ್ಲ, ಏಕೆಂದರೆ ಅವರು ಕೈತುಂಬ ಕೆಲಸದಲ್ಲಿ ಆರೋಗ್ಯವಾಗಿದ್ದಾರೆಂದು ನನ್ನ ಮನೆಯಿಂದ ಅಂಗಡಿಯವರೆಗಿನ ಪ್ರತಿ ಗೋಡೆಯೂ ಸಾರಿ ಹೇಳುತ್ತಿದೆ.

ನನ್ನದು ಕನ್ನಡಕದ ಅಂಗಡಿ. ವಾರವಿಡೀ ಊರಿನವರ ಕಣ್ಣು ಪರೀಕ್ಷಿಸುವ ನಾನು, ರಜೆಯ ದಿನ ಕ್ಯಾಮೆರಾ ಹೆಗಲಿಗೇರಿಸಿ ಗಲ್ಲಿಗಲ್ಲಿ ಸುತ್ತಿ, ಮೇಲ್ಸೇತುವೆಯ ಕಂಬಗಳ ಮೇಲೆ, ಮುಚ್ಚಿದ ಗೋದಾಮುಗಳ ಹಿಂಬದಿಯಲ್ಲಿ ಯಾರೋ ಬಿಡಿಸಿಹೋದ ಚಿತ್ರಗಳ ಫೋಟೋ ತೆಗೆದು, ಯಾರೂ ಕೇಳದಿದ್ದರೂ ಅವುಗಳ ಕೆಳಗೆ ಉದ್ದುದ್ದ ಹೊಗಳಿಕೆ ಬರೆದು ಜಾಲತಾಣಕ್ಕೆ ಏರಿಸುತ್ತೇನೆ. ಇದನ್ನು ನಾನು ಕಲಾಸೇವೆ ಎಂದು ಕರೆದುಕೊಳ್ಳುತ್ತೇನೆ. ನನ್ನ ಹೆಂಡತಿಯಂತೂ, “ಅಡುಗೆಮನೆ ಗೋಡೆ ಮೇಲೆ ಜೇಡ ಎಷ್ಟು ಚೆನ್ನಾಗಿ ಬಲೆ ಕಟ್ಟಿದೆ ನೋಡಿ, ಅದನ್ನೂ ಒಂದು ಫೋಟೋ ತೆಗೀರಿ, ಆಮೇಲೆ ಗುಡಿಸಿ” ಎಂದು ಸದಾ ಪ್ರೋತ್ಸಾಹಿಸುತ್ತಾ ಬಂದಿದ್ದಾಳೆ.

ಹೀಗಿರುವಾಗ, ಕಚೇರಿಗಳು ತೆರೆಯುವ ಹೊತ್ತಿಗೆ ಸರಿಯಾಗಿ ಯಾರೋ ಒಬ್ಬರು ದಿನವೂ ನನ್ನ ಜಾಲತಾಣಕ್ಕೆ ಬಂದು, ಹೊಸದಾಗಿ ಹಾಕಿದ ಒಂದೊಂದು ಚಿತ್ರವನ್ನೂ ಬಿಡದೆ ತೆರೆದು ನೋಡುತ್ತಿರುವುದು ನನ್ನ ಗಮನಕ್ಕೆ ಬಂತು. ನಾನು ಹಿಗ್ಗಿ ಹೀರೇಕಾಯಿಯಾದೆ. ಆ ಅಜ್ಞಾತ ರಸಿಕರಿಗೆ ಯಾವ ತೊಂದರೆಯೂ ಆಗಬಾರದೆಂದು ನಕ್ಷೆ ಸೇರಿಸಿದೆ, ದಾರಿ ತೋರಿಸಲು ಬಾಣ ಹಾಕಿದೆ, ಗಾಡಿ ಎಲ್ಲಿ ನಿಲ್ಲಿಸಬಹುದು, ಚಿತ್ರ ಎಷ್ಟು ಎತ್ತರದಲ್ಲಿದೆ, ಏಣಿ ಬೇಕಾದೀತೇ ಎಂಬುದನ್ನೂ ಬರೆದೆ. ಏಣಿ ಹತ್ತಿ ಚಿತ್ರ ನೋಡುವ ರಸಿಕ ಎಂಥವನಿರಬಹುದು ಎಂಬ ಪ್ರಶ್ನೆ, ಊರಿನವರ ದೃಷ್ಟಿದೋಷವನ್ನೆಲ್ಲ ಕಂಡುಹಿಡಿಯುವ ನನಗೆ ಹೊಳೆಯಲೇ ಇಲ್ಲ.

ನಾನು ಏರಿಸಿದ ಚಿತ್ರಗಳು ಒಂದೆರಡು ದಿನದಲ್ಲೇ ಗೋಡೆಗಳಿಂದ ಮಾಯವಾಗತೊಡಗಿದಾಗಲೂ ನನಗೆ ಬುದ್ಧಿ ಬರಲಿಲ್ಲ. ಕಲೆ ಕ್ಷಣಿಕ ಎಂದು ನಿಟ್ಟುಸಿರು ಬಿಟ್ಟು, ಮಾಯವಾದ ಪ್ರತಿ ಚಿತ್ರಕ್ಕೂ ಒಂದು ಶ್ರದ್ಧಾಂಜಲಿ ಬರೆದೆ. ಕೊನೆಗೊಮ್ಮೆ ನೀರಿನ ಟ್ಯಾಂಕಿನ ಗೋಡೆಯ ಮೇಲಿನ ತಿಮಿಂಗಿಲವನ್ನು ಇನ್ನೊಮ್ಮೆ ಕಣ್ತುಂಬಿಕೊಳ್ಳಲು ಹೋದಾಗ, ತಮ್ಮ ಸಿಬ್ಬಂದಿಯಿಬ್ಬರು ಬಣ್ಣದ ಡಬ್ಬ ಪಕ್ಕದಲ್ಲಿಟ್ಟು ಮೊಬೈಲ್ ನೋಡುತ್ತ ತಲೆ ಕೆರೆದುಕೊಳ್ಳುತ್ತಿದ್ದರು. ಮೊಬೈಲಿನಲ್ಲಿದ್ದದ್ದು ನನ್ನ ಜಾಲತಾಣ. “ಸಾರ್, ಈ ಸೈಟಲ್ಲಿ ಬಾಣ ಎಡಕ್ಕೆ ತೋರಿಸ್ತಿದೆ, ಗೋಡೆ ನೋಡಿದ್ರೆ ಬಲಕ್ಕಿದೆ, ಇದೇನಾ ಅದು?” ಎಂದು ಅವರು ಕೇಳಿದಾಗ, ಮಾನ್ಯರೇ, ಸಂಪಾದಕನಾದ ನನಗೆ ಬಂದ ಮೊದಲ ಭಾವನೆ ನಾಚಿಕೆ. ತಪ್ಪಾಯಿತೆಂದು ಅಲ್ಲೇ ನಿಂತು ಬಾಣವನ್ನು ಸರಿಪಡಿಸಿದೆ. “ನಿಮ್ಮ ಸೈಟ್ ಇಲ್ದಿದ್ರೆ ನಮ್ಮ ಗತಿ ಏನು ಸಾರ್! ಆಫೀಸಲ್ಲಿ ದಿನಾ ಅದನ್ನ ತೆಗೆದೇ ಕೆಲಸ ಹಂಚ್ತಾರೆ” ಎಂದು ಕೃತಜ್ಞತೆಯಿಂದ ಹೇಳುತ್ತ ಅವರಲ್ಲೊಬ್ಬರು ಏಣಿ ಹತ್ತುವಾಗ ಅದು ಅಲ್ಲಾಡಿತು, ನಾನು ಅದನ್ನು ಹಿಡಿದುಕೊಂಡೆ. ತಿಮಿಂಗಿಲ ಪೂರ್ತಿ ಮುಳುಗುವವರೆಗೂ ಹಿಡಿದುಕೊಂಡೇ ಇದ್ದೆ.

ಈ ಸುದ್ದಿ ಹಬ್ಬಿದ ಮೇಲೆ ನನ್ನ ಗೌರವ ಒಮ್ಮೆಲೇ ಏರಿತು. ಕಾಂಪೌಂಡಿಗೆ ಸುಣ್ಣ ಕಾಣಿಸದೆ ವರ್ಷಗಟ್ಟಲೆ ಕಳೆದ ನನ್ನ ಭಾವಮೈದ, “ಭಾವ, ನಮ್ಮ ಗೋಡೆ ಮೇಲೂ ಒಂದು ನವಿಲಿದೆ ಅಂತ ಹಾಕಿಬಿಡಿ, ಬಂದು ಬಳಿದು ಹೋಗಲಿ” ಎಂದು ಮನೆಗೇ ಬಂದು ಕೇಳಿದ. ಮಾತಾಡಿಸದಿದ್ದ ನೆರೆಯವರೂ ಗೋಡೆಯ ಅಳತೆ ಹಿಡಿದು ಬಂದರು. ಆದರೆ ಚಿತ್ರ ಬಿಡಿಸುವವರು ಮಾತ್ರ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗತೊಡಗಿದರು.

ಹೋಗದೆ ಉಳಿದವಳು ಒಬ್ಬಳೇ. ಚಿತ್ರದ ಮೂಲೆಯಲ್ಲಿ ಪುಟ್ಟ ಗುಬ್ಬಿಯೊಂದನ್ನು ಬರೆಯುತ್ತಾಳಾದ್ದರಿಂದ ಎಲ್ಲರೂ ಅವಳನ್ನು ಗುಬ್ಬಿ ಎಂದೇ ಕರೆಯುತ್ತಾರೆ. ಅವಳ ಅಜ್ಜಿ ಜೀವಮಾನವಿಡೀ ಹೊಲಿಗೆ ಹಾಕಿ ಮೊಮ್ಮಗಳನ್ನು ಬೆಳೆಸಿದಾಕೆ. ಈಗ ಮಂಡಿನೋವಿನಿಂದ ಮೆಟ್ಟಿಲಿಳಿಯಲಾರದೆ ಮಹಡಿಯ ಕಿಟಕಿಯ ಬಳಿಯೇ ಕುಳಿತಿರುತ್ತಾರೆ. ಆ ಕಿಟಕಿಯ ಎದುರಿನ ಗೋಡೆಯ ಮೇಲೆ ಗುಬ್ಬಿ ತನ್ನ ಅಜ್ಜಿಯನ್ನೇ ಬರೆದಿದ್ದಳು: ಬೆಳಕಿಗೆ ಸೂಜಿ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ದಾರ ಪೋಣಿಸುತ್ತಿರುವ ಹರೆಯದ ಅಜ್ಜಿಯನ್ನು. ಅಜ್ಜಿ ದಿನವೂ ಅದನ್ನು ನೋಡಿ, “ಮೂಗು ನನ್ನದಲ್ಲ ಕಣೇ, ನಿಮ್ಮ ತಾತಂದು” ಎಂದು ತಕರಾರು ತೆಗೆಯುತ್ತ ಸುಖವಾಗಿದ್ದರು. ಗುಬ್ಬಿ ನನ್ನನ್ನು ಕರೆದೊಯ್ದು ತೋರಿಸಿ, “ಅಣ್ಣ, ಇದೊಂದನ್ನ ಮಾತ್ರ ಹಾಕ್ಬೇಡಿ” ಎಂದಳು. ಹಾಕುವುದಿಲ್ಲವೆಂದು ಮಾತು ಕೊಟ್ಟೆ.

ಮಾನ್ಯರೇ, ನಾನು ಕೊಟ್ಟ ಮಾತಿಗೆ ತಪ್ಪುವವನಲ್ಲ. ಫೋಟೋ ಹಾಕಲಿಲ್ಲ. ಆದರೆ ಹೊಗಳುವ ಚಟ ಸುಮ್ಮನಿರಬೇಕಲ್ಲ? ‘ನಾನು ನಿಮಗೆ ತೋರಿಸಲಾರದ ಚಿತ್ರ’ ಎಂಬ ಸಂಪಾದಕೀಯ ಬರೆದೆ. ವಿಳಾಸ ಕೊಡಲಿಲ್ಲ, ಅಲ್ಲಿ ನಿಂತರೆ ಬೇಕರಿಯ ಬ್ರೆಡ್ಡಿನ ಪರಿಮಳ ಬರುತ್ತದೆ ಎಂದೆ, ಮರಗೆಲಸದವರ ಗರಗಸದ ಸದ್ದು ಕೇಳುತ್ತದೆ ಎಂದೆ, ಎದುರಿನ ಕಿಟಕಿಯ ಹಸಿರು ಪರದೆಯನ್ನು ವರ್ಣಿಸಿದೆ. ಬೇಕರಿ ಮತ್ತು ಮರಗೆಲಸ ಒಟ್ಟಿಗಿರುವ ಗಲ್ಲಿ ಈ ಊರಿನಲ್ಲಿ ಇರುವುದು ಒಂದೇ. ಓದಿದ ನನ್ನ ಹೆಂಡತಿ, “ಬಾಗಿಲ ನಂಬರ್ ಒಂದು ಬಿಟ್ಟುಹೋಗಿದೆ ನೋಡಿ” ಎಂದಳು. ನಾನದನ್ನು ಹೊಟ್ಟೆಕಿಚ್ಚಿನ ಮಾತೆಂದುಕೊಂಡೆ.

ಎಂದೂ ತಪ್ಪದ ಓದುಗರಾದ ತಾವು ಆ ಸಂಪಾದಕೀಯವನ್ನೂ ಬಿಡಲಿಲ್ಲ. ಸುದ್ದಿ ತಿಳಿದು ನಾನು ಓಡಿಹೋದಾಗ ಗೋಡೆ ನುಣ್ಣಗೆ, ಅಂಚು ಸಹ ಕೆಡದ ಹಾಗೆ ಬೂದುಬಣ್ಣಕ್ಕೆ ತಿರುಗಿತ್ತು. ಕೆಲಸದ ಅಚ್ಚುಕಟ್ಟುತನವನ್ನು ಮೆಚ್ಚಲೇಬೇಕು. ಮೇಲೆ ಹೋದೆ. ಅಜ್ಜಿ ಕುರ್ಚಿಯನ್ನು ಒಳಮುಖ ಮಾಡಿಕೊಂಡು, ಕಿಟಕಿಗೆ ಬೆನ್ನು ಹಾಕಿ ಕುಳಿತಿದ್ದರು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಗುಬ್ಬಿ ಬಯ್ಯುತ್ತಾಳೆಂದು ಕಾದೆ, ಬಯ್ದರೆ ಹಗುರವಾದೀತೆಂದು ಆಸೆಯೂ ಇತ್ತು. ಅವಳು ನನಗೊಂದು ಲೋಟ ನೀರು ಕೊಟ್ಟು, “ಅಣ್ಣ, ಇನ್ಮೇಲೆ ನಮ್ಮನ್ನ ಹೊಗಳ್ಬೇಡಿ” ಎಂದಳು, ಅಷ್ಟೇ.

ಆದಕಾರಣ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳಿವೆ. ಇಷ್ಟು ನಾಜೂಕಾಗಿ ಬಣ್ಣ ಬಳಿಯಬಲ್ಲ ತಮ್ಮ ವಿಭಾಗ, ಆ ಬೂದುಬಣ್ಣವನ್ನಷ್ಟೇ ಅಷ್ಟೇ ನಾಜೂಕಾಗಿ ಮರಳಿ ಡಬ್ಬಕ್ಕೆ ತುಂಬಿಕೊಂಡು, ಅಜ್ಜಿಯನ್ನು ಸೂಜಿ ಸಮೇತ ಇದ್ದಲ್ಲೇ ಬಿಟ್ಟುಕೊಡಬೇಕು. ಅದು ನಿಯಮಾವಳಿಯಲ್ಲಿ ಇಲ್ಲವೆಂದಾದರೆ, ಆಕೆಯ ಕುರ್ಚಿಯನ್ನು ಮತ್ತೆ ಕಿಟಕಿಯ ಕಡೆ ತಿರುಗಿಸಲು ತಾವೇ ಖುದ್ದಾಗಿ ದಯಮಾಡಿಸಬೇಕು, ನನ್ನಿಂದ ಆಗಲಿಲ್ಲ. ಅದೂ ಆಗದಿದ್ದರೆ ತಮ್ಮ ಬಣ್ಣದ ಒಂದು ಡಬ್ಬವನ್ನಾದರೂ ನನಗೆ ಕಳುಹಿಸಿಕೊಡಿ. ನಕ್ಷೆಗಳನ್ನೂ ಬಾಣಗಳನ್ನೂ ಈಗಾಗಲೇ ಅಳಿಸಿದ್ದೇನೆ, ನನ್ನ ಹೊಗಳಿಕೆಗಳ ಮೇಲೆ ಬಳಿಯುವುದೊಂದು ಬಾಕಿಯಿದೆ.

ತಮ್ಮ ವಿಶ್ವಾಸಿ,
ಮತ್ತು ಗೊತ್ತಿಲ್ಲದೆಯೇ ತಮ್ಮ ವಿಭಾಗದ ಅತ್ಯಂತ ದಕ್ಷ ನೌಕರನಾಗಿದ್ದ,
ಕನ್ನಡಕದ ಅಂಗಡಿಯವ

ತಾ.ಕ.: ತಮ್ಮನ್ನು ಹೊಗಳಬಾರದೆಂದು ನನಗೆ ಯಾರೂ ಹೇಳಿಲ್ಲ. ಆದ್ದರಿಂದ ತಮ್ಮ ಕಚೇರಿಯ ಹೆಬ್ಬಾಗಿಲ ಪಕ್ಕದ ಗೋಡೆಯ ಮೇಲೆ, ಪೊರಕೆ ಹಿಡಿದು ಮುಗುಳ್ನಗುತ್ತಿರುವ ತಮ್ಮದೇ ಆಳೆತ್ತರದ ವರ್ಣಚಿತ್ರವನ್ನು ನಿನ್ನೆ ಜಾಲತಾಣಕ್ಕೆ ಏರಿಸಿ, ಮನಸಾರೆ ಕೊಂಡಾಡಿದ್ದೇನೆ. ತಮ್ಮ ಕಚೇರಿಯಲ್ಲಿ ಕೆಲಸ ಹಂಚುವವರು ಮುಖ ನೋಡಿ ಮಣೆ ಹಾಕುವವರಲ್ಲವಾದ್ದರಿಂದ, ಈ ಪತ್ರ ಓದಿ ಹೊರಗೆ ಬರುವಾಗ ದಯವಿಟ್ಟು ಆ ಗೋಡೆಗೆ ಒರಗಬೇಡಿ, ಬೂದುಬಣ್ಣ ಇನ್ನೂ ಹಸಿಯಿರುತ್ತದೆ.