ಮಾವ ಕರೆತಂದ ಕಾಮಿನಿ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಸುಗಟೂರಿನಲ್ಲಿ ಯಾರೂ ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ತಾನೇ ಹೇಳಿಕೊಂಡು ಓಡಾಡುತ್ತಾರೆ?

ಹೋದ ವರ್ಷ ಬೇಸಿಗೆಯಲ್ಲಿ ಅವರು ಮಾಲೂರಿನ ಕಡೆಯ ಒಂದು ನರ್ಸರಿಗೆ ಟೊಮೇಟೊ ಸಸಿ ತರಲು ಹೋಗಿದ್ದರು. ಮಧ್ಯಾಹ್ನ ಅತ್ತೆಗೆ ಫೋನ್ ಮಾಡಿ, "ಸಸಿ ಸಿಗಲಿಲ್ಲ. ಕಾಮಿನಿನ ಕರ್ಕೊಂಡು ಬರ್ತಾ ಇದೀನಿ, ಅಂಗಳದಾಗೆ ಜಾಗ ಮಾಡಿಟ್ಟಿರು" ಎಂದು ಹೇಳಿ ಇಟ್ಟುಬಿಟ್ಟರು. ಫೋನು ಸ್ಪೀಕರಿನಲ್ಲಿತ್ತು. ಸಂಜೆ ಬಸ್ಸು ಬರುವ ಹೊತ್ತಿಗೆ ಅತ್ತೆಯ ಜೊತೆಗೆ ಅರ್ಧ ಬೀದಿಯೇ ಸ್ಟಾಪಿನಲ್ಲಿ ನಿಂತಿತ್ತು. ಮಾವ ಒಂದು ಹೂಗಿಡವನ್ನು ಅಪ್ಪಿಕೊಂಡು ಇಳಿದರು. ಕರಿಬೇವಿನ ತಂಗಿಯಂತಿತ್ತು. ಅದರ ಹೆಸರೇ ಕಾಮಿನಿಯಂತೆ. ಬಂದವರಲ್ಲಿ ಹಲವರಿಗೆ ನಿರಾಸೆಯಾಯಿತು.

ಬಸ್ಸಿನಲ್ಲಿ ನಡೆದದ್ದು ಆಮೇಲೆ ತಿಳಿಯಿತು. ಕೋಲಾರದಲ್ಲಿ ಕಂಡಕ್ಟರು ಗಿಡಕ್ಕೂ ಟಿಕೆಟ್ ಹರಿದರಂತೆ. ಮಾವ ತಕರಾರಿಲ್ಲದೆ ತೆಗೆದುಕೊಂಡು, ಗಿಡವನ್ನು ಕಿಟಕಿ ಪಕ್ಕ ಕೂರಿಸಿ, ತಾವು ಪಕ್ಕದಲ್ಲಿ ಕುಳಿತರಂತೆ. ದಪ್ಪ ಮೀಸೆಯವರೊಬ್ಬರು ಗಿಡವನ್ನು ಕೆಳಗಿಡಿ ಎಂದಾಗ, ಅದು ಟಿಕೆಟ್ ತಗೊಂಡಿದೆ, ನೀವು ತಗೊಂಡಿದ್ದೀರಾ ಎಂದು ಕೇಳಿದರಂತೆ. ಅವರು ಇನ್ನೂ ತಗೊಂಡಿರಲಿಲ್ಲ.

ಮಳೆ ಬಿದ್ದ ಮೇಲೆ ಕಾಮಿನಿ ಸೊಂಟದೆತ್ತರ ಬೆಳೆದು ಹೂಬಿಟ್ಟಿತು. ಪುಟ್ಟ ಬಿಳಿ ಹೂವು. ಘಮ ಮಾತ್ರ ಹಾಲಿನ ಡೈರಿಯವರೆಗೂ ಹೋಗುತ್ತಿತ್ತು. ಜೇನುನೊಣ, ದುಂಬಿ, ಚಿಟ್ಟೆ ಎಲ್ಲವೂ ಬಂದವು. ಅಂಗಳದಲ್ಲಿ ಕಟ್ಟುತ್ತಿದ್ದ ಹಸುವನ್ನು ಮಾವ ಹಿತ್ತಲಿಗೆ ಸಾಗಿಸಿದರು. ಅದರ ಬಾಲದಿಂದ ಜೇನುನೊಣಗಳಿಗೆ ತೊಂದರೆಯಾಗುತ್ತದಂತೆ! ಹಸುವಿಗಾಗುತ್ತಿದ್ದ ತೊಂದರೆಯ ಮಾತೇ ಬರಲಿಲ್ಲ.

ಆಮೇಲೆ ಎಲೆಗಳ ಮೇಲೆ ಕಂಬಳಿಹುಳುಗಳು ಕಾಣಿಸಿಕೊಂಡವು. ಅತ್ತೆ ಪೊರಕೆ ಎತ್ತಿದರು. ಮಾವ ಅಡ್ಡ ನಿಂತರು. ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಕಟ್ಟಿಸಿದ ಮನೆಯಿದು, ಈ ಮನೆಯಲ್ಲಿ ಯಾವ ಹುಳುವಿಗೂ ಪೊರಕೆ ತೋರಿಸಬಾರದು ಎಂದು ವಾದ ಹೂಡಿದರು. ಅತ್ತೆ ಪೊರಕೆಯನ್ನು ಮೂಲೆಗಿಟ್ಟರು. ಹುಳುಗಳು ಕೊಂಬೆಗಂಟಿ ಗೂಡಾದಾಗ ಪಕ್ಕದ ಮನೆಯವರು ಬೇಲಿಯಾಚೆಯಿಂದ ಇಣುಕಿ ತೆಲುಗಿನಲ್ಲಿ, "ಈ ಗೂಳ್ಳು ಏ ಮಾರ್ಕೆಟ್ಟುಕು ವೇಸ್ತಾವು ಬಾವಾ?" ಎಂದು ಕೇಳಿದರು. ಯಾವ ಮಾರ್ಕೆಟ್ಟಿಗೆ ಹಾಕುತ್ತೀಯ ಎಂದು.

"ಇವು ಮಾರೋ ಗೂಡಲ್ಲ," ಎಂದರು ಮಾವ, "ಹಾರೋ ಗೂಡು."

ಇದನ್ನೆಲ್ಲ ಬೀದಿ ಸಹಿಸಿಕೊಂಡಿತು. ಅರ್ಥವಾಗದೆ ಉಳಿದದ್ದು ಒಂದೇ. ದಿನಾ ಬೆಳಿಗ್ಗೆ ಮಾವ ಅತ್ತೆಯನ್ನು ಗಿಡದ ಮುಂದೆ ನಿಲ್ಲಿಸಿ "ಬಂತಾ?" ಎಂದು ಕೇಳುವರು. ಅತ್ತೆ "ಇಲ್ಲ" ಎನ್ನುವರು. ಇಬ್ಬರೂ ಒಳಗೆ ಹೋಗುವರು. ಇದು ನಲ್ಲಿ ನೀರಿನ ವಿಷಯವೆಂದುಕೊಂಡು ಎದುರುಮನೆಯಾಕೆ ಎಷ್ಟೋ ದಿನ ಬಿಂದಿಗೆಯನ್ನು ಒಳಗಿಟ್ಟುಕೊಂಡು ನೀರು ತಪ್ಪಿಸಿಕೊಂಡರು.

ಹೋದ ತಿಂಗಳು ಊರಿಗೆ ಹೋದಾಗ ನಾನು ಅತ್ತೆಯನ್ನೇ ಕೇಳಿದೆ. ಅವರು ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಹೇಳಿದರು. "ಆ ಜ್ವರ ಬಂದೋದಾಗಿಂದ ನಂಗೆ ಮೂಗು ಸತ್ತೋಗೈತೆ ಕಣೇ. ಮಲ್ಲಿಗೆ ಮುಡ್ಕೊಂಡ್ರೂ ಅಷ್ಟೇ, ಮೂಲಂಗಿ ಮುಡ್ಕೊಂಡ್ರೂ ಅಷ್ಟೇ. ಉಣ್ಣೋದು ಮಣ್ಣು ತಿಂದಂಗಾಗ್ತೈತೆ. ಯಾರ್ಗೂ ಹೇಳಿಲ್ಲ, ನಿಮ್ಮ ಮಾವಂಗೆ ಮಾತ್ರ ಗೊತ್ತು."

ಡಾಕ್ಟರು ದಿನಾ ಏನಾದರೂ ಗಾಢವಾದದ್ದನ್ನು ಮೂಸುತ್ತಿರಿ, ಬಂದರೂ ಬರಬಹುದು, ಖಾತ್ರಿಯಿಲ್ಲ ಎಂದಿದ್ದರಂತೆ. ಲವಂಗ, ನಿಂಬೆಹಣ್ಣು, ನೀಲಗಿರಿ ಎಣ್ಣೆ, ಎಲ್ಲ ಮುಗಿದಿದ್ದವು. ಟೊಮೇಟೊ ಸಸಿಗೆ ಹೋದ ಮಾವ ನರ್ಸರಿಯಲ್ಲಿ ಎಲ್ಲಕ್ಕಿಂತ ಘಮವಿರುವ ಗಿಡ ಯಾವುದೆಂದು ಕೇಳಿ, ಇದ್ದ ದುಡ್ಡಿಗೆ ಅದನ್ನೇ ತಂದಿದ್ದರು.

ಮಾರನೆಯ ದಿನ ಬೆಳಿಗ್ಗೆ ಗಿಡ ಬೆಳ್ಳಗೆ ಅರಳಿ ನಿಂತಿತ್ತು. ಜೇನುನೊಣಗಳ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಟೊಮೇಟೊ ಕ್ರೇಟುಗಳನ್ನು ಗಾಡಿಗೆ ಹೊತ್ತು ಹಾಕಿದ ಮಾವ ಹಾಗೆಯೇ ಬಂದು ಅತ್ತೆಯ ಪಕ್ಕ ನಿಂತರು.

"ಬಂತಾ?"

ಅತ್ತೆ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ಇಲ್ಲ ಎನ್ನಲಿಲ್ಲ. ಇನ್ನೊಮ್ಮೆ ಎಳೆದುಕೊಂಡರು. ಆಮೇಲೆ ನಿಧಾನವಾಗಿ ಗಿಡದ ಕಡೆಯಿಂದ ಮಾವನ ಹೆಗಲಿನ ಕಡೆಗೆ ಮುಖ ತಿರುಗಿಸಿದರು.

"ಹೂವಿಂದು ಇಲ್ಲ," ಎಂದರು. "ನಿಮ್ಮ ಬೆವರಿಂದು ಬರ್ತೈತೆ. ಹೋಗಿ ನೀರು ಹುಯ್ಕೊಳ್ಳಿ."

ಯಾವ ಮಾತಿಗೂ ಎದುರು ಮಾತಿರುತ್ತಿದ್ದ ಮಾವ ಟವೆಲಿನಿಂದ ಮುಖ ಒರೆಸಿಕೊಂಡರು, ಒರೆಸುತ್ತಲೇ ಇದ್ದರು. ಅತ್ತೆ ಹಂಡೆಗೆ ಉರಿ ಹಾಕಿದರು. ನೀರು ಕಾಯಿತು, ಕುದಿಯಿತು, ಮಧ್ಯಾಹ್ನಕ್ಕೆ ತಣ್ಣಗೂ ಆಯಿತು. ಆ ದಿನ ಮಾವ ಸ್ನಾನ ಮಾಡಲಿಲ್ಲ. ಸಂಜೆಯವರೆಗೂ ಅತ್ತೆಯ ಹಿಂದೆಯೇ ಸುತ್ತುತ್ತಿದ್ದರು. ಅತ್ತೆಯೂ ಮೂಗಿಗೆ ಸೆರಗು ಹಿಡಿಯಲಿಲ್ಲ.