ಲೂವಜ್ಜಿಯ ಮೂವತ್ತೊಂದು ಅಂಕ

ನೂರಕ್ಕೆ ಮೂವತ್ತೊಂದು ಎಂದು ಕೆಂಪು ಶಾಯಿಯಲ್ಲಿ ಬರೆದು, ಕೆಳಗೊಂದು ದಪ್ಪ ಗೆರೆ ಎಳೆದಾಗ ಕಾಲೇಜು ಮೇಷ್ಟ್ರು ವರ್ಲನ್ ಎಟ್ಸಿಟಿಗೆ ತಾನೇನು ಮಾಡುತ್ತಿದ್ದೇನೆಂಬ ಅರಿವಿರಲಿಲ್ಲ. ಅವನು ನಿಯಮದಂತೆ ನಡೆದಿದ್ದ, ಅಷ್ಟೆ. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ಭಾಷೆ ಬರೆಯುವಾಗ ಏರುದನಿಗೆ ಅಕ್ಷರದ ತಲೆಯ ಮೇಲೆ ಒಂದು ಗೀಟು ಬೀಳಬೇಕು. ಗೀಟು ಬಿದ್ದರೆ ‘ಬಾಯಿ’ ಎಂದಾಗುವ ಮಾತು ಗೀಟಿಲ್ಲದಿದ್ದರೆ ‘ಔಷಧಿ’ ಎಂದಾಗುತ್ತದೆ. ಈ ಉತ್ತರ ಪತ್ರಿಕೆಯಲ್ಲಿ ಒಂದೇ ಒಂದು ಗೀಟೂ ಇರಲಿಲ್ಲ. ‘ಡಾಕ್ಟರು ಔಷಧಿ ತೆರೆ ಎಂದರು. ನಾನು ಔಷಧಿ ತೆರೆದೆ. ಅವರು ನನ್ನ ಔಷಧಿಯೊಳಗೆ ಔಷಧಿ ಹಾಕಿದರು’ ಎಂದಿತ್ತು. ಇದಕ್ಕೆ ಮೂವತ್ತೊಂದು ಕೊಟ್ಟಿದ್ದೇ ಧಾರಾಳ ಎಂದುಕೊಂಡು, ಗುರುವಾರ ಸಂಜೆ ಪತ್ರಿಕೆಗಳನ್ನು ಹಂಚಿ ಅವನು ನೆಮ್ಮದಿಯಾಗಿ ಮನೆಗೆ ಹೋಗಿ ಮಲಗಿದ.

ಆ ಪತ್ರಿಕೆ ಲೂವಾ ಮೆನಿಗೋಟ್ಸ್ ಎಂಬ ಅಜ್ಜಿಯದು. ವಯಸ್ಸು ಎಪ್ಪತ್ತಾರು. ಕಾಲೇಜಿನ ‘ನವಾಹೊ, ಮೊದಲ ಹಂತ’ ತರಗತಿಯಲ್ಲಿದ್ದ ಇಪ್ಪತ್ತಮೂರು ಜನರಲ್ಲಿ ನಿದ್ದೆಯಲ್ಲೂ ನವಾಹೊದಲ್ಲೇ ಬಡಬಡಿಸುವವಳು ಅವಳೊಬ್ಬಳೇ.

ಶುಕ್ರವಾರ ಬೆಳಿಗ್ಗೆ ವರ್ಲನ್ ಎಂದಿನಂತೆ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಕಾಫಿಗೆ ನಿಂತ. ಗಲ್ಲಾದ ಹುಡುಗಿ ಲೋಟದ ತಳಕ್ಕೆ ಒಂದಿಷ್ಟು ಸುರಿದು ಮುಚ್ಚಳ ಹಾಕಿ ತಳ್ಳಿದಳು.

“ಏನಮ್ಮಾ ಇದು, ತಳದಲ್ಲೇ ಇದೆ?”

“ನೂರಕ್ಕೆ ಮೂವತ್ತೊಂದು ಹಾಕಿದೀನಿ ಸಾರ್. ನಿಮಗೆ ಅಷ್ಟೇ ತಾನೆ ಕೊಟ್ಟು ಅಭ್ಯಾಸ?” ಎಂದಳು ಹುಡುಗಿ. “ನಿನ್ನೆ ಅಜ್ಜಿ ಬಂದು ಪೇಪರು ತೋರಿಸಿದ್ರು. ಇಲ್ಲಿದ್ದೋರೆಲ್ಲ ನೋಡಿದ್ರು. ಲಾರಿ ಡ್ರೈವರೊಬ್ಬ ಅತ್ತೇಬಿಟ್ಟ.”

ಹಿಂದೆ ಸಾಲಿನಲ್ಲಿದ್ದ ಮೂವರೂ ತುಟಿ ಮುಂದೆ ಮಾಡಿ ವರ್ಲನ್ ಕಡೆಗೆ ತೋರಿಸಿದರು. ಆ ಸೀಮೆಯಲ್ಲಿ ಬೆರಳು ತೋರಿಸುವುದು ಒರಟುತನ, ತುಟಿಯಲ್ಲಿ ತೋರಿಸುವುದು ಮರ್ಯಾದೆ. ಆದರೂ ಆರು ತುಟಿ ಒಟ್ಟಿಗೆ ತನ್ನ ಕಡೆ ತಿರುಗಿದಾಗ ವರ್ಲನ್‌ಗೆ ಬಂದೂಕಿನ ಎದುರು ನಿಂತಂತಾಯಿತು.

ಟ್ರಕ್ಕಿಗೆ ಹತ್ತಿ ರೇಡಿಯೊ ಹಾಕಿದರೆ ಅಲ್ಲಿ ಚೆಸ್ಟರ್ ಬಿಟ್ಸಿಲಿಯ ಗಂಟಲು. ಹರಾಜಿಗಿರುವ ಕುದುರೆ, ಕಳೆದುಹೋದ ನಾಯಿ, ಸತ್ತವರ ಸುದ್ದಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುವ ಮನುಷ್ಯ.

“ಕೇಳ್ರಪ್ಪೋ ಕೇಳಿ! ಕಾಲೇಜಿನೋರು ನಮ್ಮ ಲೂವಜ್ಜಿಗೆ ನವಾಹೊ ಬರಲ್ಲ ಅಂದಿದಾರೆ! ನಾಳೆ ಕುರಿಗೆ ಮೇಯೋಕೆ ಬರಲ್ಲ ಅಂತಾರೆ! ಈ ಮೇಷ್ಟ್ರು ಹುಟ್ಟಿ ಬೆಳೆದಿದ್ದೆಲ್ಲ ಫೀನಿಕ್ಸ್ ಪೇಟೇಲಿ. ನವಾಹೊ ಕಲ್ತಿದ್ದು ಪುಸ್ತಕದಲ್ಲಿ. ಕುರೀನೂ ಪುಸ್ತಕದಲ್ಲೇ ನೋಡಿರ್ಬೇಕು!”

ವರ್ಲನ್ ರೇಡಿಯೊ ಆರಿಸಿದ. ಚೆಸ್ಟರ್ ಹೇಳಿದ್ದರಲ್ಲಿ ಕುರಿಯ ವಿಷಯ ಒಂದು ಬಿಟ್ಟರೆ ಉಳಿದದ್ದೆಲ್ಲ ನಿಜವಾಗಿತ್ತು. ಪುಸ್ತಕ ಕಂಠಪಾಠ ಮಾಡಿ ಅವನು ವ್ಯಾಕರಣದಲ್ಲಿ ಪದವಿ ತೆಗೆದುಕೊಂಡಿದ್ದ. ಕಪ್ಪು ಹಲಗೆಯ ಮೇಲೆ ಕ್ರಿಯಾಪದಗಳನ್ನು ಕೋಳಿ ಬಿಡಿಸಿದಂತೆ ಬಿಡಿಸಿಡುತ್ತಿದ್ದ. ಆದರೆ ಮುದುಕಿಯರು ಗುಂಪಾಗಿ ಕೂತು ಮಾತಾಡತೊಡಗಿದರೆ ಅವನ ಕಿವಿಗೆ ಜಡಿಮಳೆ ಹೊಯ್ದಂತೆ ಕೇಳಿಸುತ್ತಿತ್ತು, ಅಷ್ಟೆ. ಈ ಗುಟ್ಟು ಹೊರಬೀಳದಂತೆ ಅವನು ಒಂದು ವರ್ಷ ಕಾಪಾಡಿಕೊಂಡು ಬಂದಿದ್ದ. ಕೆಲಸ ಖಾಯಂ ಆಗುವ ಕಾಗದ ಅದೇ ವಾರ ಡೀನ್ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು.

ಡೀನ್ ರಾಬರ್ಟಾ ಪೆಶ್ಲಾಕಾಯ್ ಕುಲದ ಲೆಕ್ಕದಲ್ಲಿ ಅವನಿಗೆ ಚಿಕ್ಕಮ್ಮ. ಯಾವಾಗಲೂ ‘ನೀನು’ ಎನ್ನುವವಳು. ಆ ದಿನ ಬಾಗಿಲಲ್ಲೇ, “ಬನ್ನಿ, ಕೂತ್ಕೊಳ್ಳಿ” ಎಂದಳು. ವರ್ಲನ್ ಕುರ್ಚಿಯ ಅಂಚಿನಲ್ಲಿ ಕೂತ.

“ಹತ್ತು ಗಂಟೆಯೊಳಗೆ ಹದಿನೇಳು ಫೋನು ಬಂದಿದೆ. ನಮ್ಮಮ್ಮನದೇ ನಾಲ್ಕು. ಕಾಲೇಜು ಅಡುಗೆಮನೆಯ ಥೆಲ್ಮಾ ನಿಮಗೆ ಊಟ ಹಾಕಲ್ಲ ಅಂತ ಹಟ ಹಿಡಿದು ಕೂತಿದಾಳೆ.”

“ಮೇಡಂ, ಗೀಟು ಹಾಕಿರ್ಲಿಲ್ಲ...”

“ಗೀಟು ಮನೆ ಹಾಳಾಗ್ಲಿ! ಮೌಖಿಕ ಪರೀಕ್ಷೆ ಅಂತ ಒಂದು ಇದೆಯಲ್ಲ? ಮಧ್ಯಾಹ್ನ ಎರಡಕ್ಕೆ ಇಡಿ. ಅಜ್ಜಿ ಮಾತಾಡ್ಲಿ, ನೀವು ಅಂಕ ಹಾಕಿ. ಆ ಅಂಕಾನೇ ಕೊನೆ. ಗೊತ್ತಾಯ್ತಾ?”

ವರ್ಲನ್ ಖುಷಿಯಿಂದ ತಲೆಯಾಡಿಸಿದ. ಒಂದು ಕೋಣೆ, ಒಬ್ಬಳು ಅಜ್ಜಿ, ಮೂರು ನಿಮಿಷ. ಇಷ್ಟು ಸುಲಭದಲ್ಲಿ ಮುಗಿಯುತ್ತದೆಂದು ಅವನು ಎಣಿಸಿರಲಿಲ್ಲ.

ಅವನು ಚೆಸ್ಟರ್‌ನನ್ನೂ ಎಣಿಸಿರಲಿಲ್ಲ. ಹನ್ನೆರಡೂವರೆಗೆ ರೇಡಿಯೊದಲ್ಲಿ ಸುದ್ದಿ ಹೋಯಿತು. ಒಂದೂವರೆಗೆ ಕಾಲೇಜಿನ ಅಂಗಳದ ತುಂಬ ಕೆಂಪು ಧೂಳೆಬ್ಬಿಸಿಕೊಂಡು ಟ್ರಕ್ಕುಗಳು ಬಂದು ನಿಂತವು. ಮಡಚುವ ಕುರ್ಚಿಗಳು ಇಳಿದವು, ಮುದುಕರು ಇಳಿದರು, ಕೂಸುಗಳು ಇಳಿದವು. ಯಾರೋ ಒಲೆ ಹಚ್ಚಿ ಎಣ್ಣೆಯಲ್ಲಿ ರೊಟ್ಟಿ ಕರಿಯತೊಡಗಿದರು. ಇನ್ಯಾರೋ ಕುರಿಮಾಂಸ ಸುಡತೊಡಗಿದರು. ಜನ ಹೆಚ್ಚಾಗಿ ಪರೀಕ್ಷೆಯನ್ನು ಒಳಾಂಗಣದ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಒಯ್ಯಬೇಕಾಯಿತು. ಚೆಸ್ಟರ್ ಮೈಕು ಹಿಡಿದು ಚೆಂಡು ಹಾಕುವ ಬಳೆಯ ಕೆಳಗೆ ನಿಂತ.

ಲೂವಜ್ಜಿ ಮಖಮಲ್ಲಿನ ರವಿಕೆ, ಕೊರಳಿಗೆ ನೀಲಿಕಲ್ಲಿನ ಸರ, ಕಾಲಿಗೆ ಆಟದ ಬೂಟು ಹಾಕಿಕೊಂಡು ನಿಧಾನವಾಗಿ ಬಂದು ಕೂತಳು. ಮೊದಲು ತನ್ನ ನಾಲ್ಕು ಕುಲಗಳನ್ನು ಹೇಳಿದಳು. ಒಂದೊಂದು ಕುಲ ಹೇಳಿದಾಗಲೂ ಸಭೆಯಲ್ಲಿ, “ನಮ್ಮಜ್ಜಿ!” “ನಮ್ಮತ್ತೆ!” “ನಮ್ಮಕ್ಕ!” ಎಂದು ಕೂಗು ಎದ್ದಿತು. ಕೊನೆಗೆ ನೋಡಿದರೆ ಅಂಕಣದಲ್ಲಿ ಅವಳಿಗೆ ಸಂಬಂಧವಿಲ್ಲದ್ದೆಂದರೆ ಗೋಡೆಯ ಮೇಲೆ ಬರೆದಿದ್ದ, ಕಾಲೇಜು ತಂಡದ ಗುರುತಾದ ತೋಳದ ಚಿತ್ರವೊಂದೇ.

ವರ್ಲನ್ ಕುರಿಯ ಚಿತ್ರವೊಂದನ್ನು ಎತ್ತಿ ಹಿಡಿದ. “ಅಜ್ಜಿ, ಇದನ್ನ ನೋಡಿ ಮೂರು ವಾಕ್ಯ ಹೇಳಿ. ಸಮಯ ಮೂರು ನಿಮಿಷ.”

“ಯಾರ ಕುರಿ ಇದು?”

“ಯಾರದೂ ಅಲ್ಲ ಅಜ್ಜಿ. ಚಿತ್ರ.”

“ಯಾರದೂ ಅಲ್ಲದ ಕುರಿ ಎಲ್ಲಾದ್ರೂ ಇರುತ್ತೇನೋ? ಕಿವಿಗೆ ಗುರುತು ಹಾಕಿಲ್ಲ. ಗೊರಸು ಕತ್ತರಿಸಿಲ್ಲ. ಪಾಪ, ಯಾವ ಸೋಮಾರಿ ಸಾಕಿದ್ನೋ!”

ಅಲ್ಲಿಂದ ಶುರುವಾದದ್ದು ನಲವತ್ತು ನಿಮಿಷ ನಿಲ್ಲಲಿಲ್ಲ. ಗೊರಸಿನಿಂದ ಉಣ್ಣೆಗೆ, ಉಣ್ಣೆಯಿಂದ ತನ್ನ ಮದುವೆಯ ಕಂಬಳಿಗೆ, ಕಂಬಳಿಯಿಂದ ಕುದುರೆ ಮೇಲಿಂದ ಬಿದ್ದ ಗಂಡನಿಗೆ, ಗಂಡನಿಂದ ದೊಡ್ಡ ಹಿಮ ಬಿದ್ದ ವರ್ಷಕ್ಕೆ ಅಜ್ಜಿ ಹಾರಿ ಹಾರಿ ಹೋದಳು. ಜನ ಹೊಟ್ಟೆ ಹಿಡಿದು ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ರೊಟ್ಟಿ ಕರಿಯುವವಳು ರೊಟ್ಟಿ ಸೀಯಲು ಬಿಟ್ಟು ಬಾಗಿಲಿಗೆ ಬಂದು ನಿಂತಳು.

ವರ್ಲನ್‌ಗೆ ಮೊದಲ ನಾಲ್ಕು ವಾಕ್ಯ ಚೆನ್ನಾಗಿಯೇ ಅರ್ಥವಾದವು. ಆಮೇಲೆ, ವೇಗದ ರೈಲಿನ ಪಕ್ಕ ನಿಂತವನಿಗೆ ಅಲ್ಲೊಂದು ಇಲ್ಲೊಂದು ಕಿಟಕಿ ಕಂಡಂತೆ, ಒಂದೊಂದು ಪದ ಮಿಂಚಿ ಮಾಯವಾಯಿತು. ಜನ ನಕ್ಕಾಗ ತಾನೂ ನಕ್ಕ. ಒಮ್ಮೆ ಅಂದಾಜು ತಪ್ಪಿ ಒಬ್ಬನೇ ಜೋರಾಗಿ ನಕ್ಕುಬಿಟ್ಟ. ಅಜ್ಜಿ ತನ್ನ ಮುದ್ದಿನ ಟಗರು ಹಿಮದಲ್ಲಿ ಸತ್ತದ್ದನ್ನು ಹೇಳುತ್ತಿದ್ದಳು.

ಅಂಕಪಟ್ಟಿಯ ಕೊನೆಯ ಸಾಲಿನಲ್ಲಿ ‘ಅಭ್ಯರ್ಥಿಯ ಮಾತು ಪರೀಕ್ಷಕರಿಗೆ ಪೂರ್ತಿ ಅರ್ಥವಾಯಿತೇ?’ ಎಂದಿತ್ತು. ವರ್ಲನ್ ಎಡಗೈ ಅಡ್ಡ ಹಿಡಿದು ‘ಹೌದು’ ಎಂಬಲ್ಲಿ ಗುರುತು ಹಾಕಿದ. ನೂರಕ್ಕೆ ನೂರು ಬರೆದು ಸಹಿಗಾಗಿ ಪಟ್ಟಿಯನ್ನು ಅಜ್ಜಿಗೆ ಕೊಟ್ಟ. ಅವಳು ಸಹಿ ಹಾಕಿದ ಮೇಲೆ, ‘ಕೊಡಿ’ ಎಂದು ನವಾಹೊದಲ್ಲೇ ಕೇಳೋಣವೆಂಬ ಹುಮ್ಮಸ್ಸು ಬಂತು. ಆ ಭಾಷೆಯಲ್ಲಿ ಒಂದೊಂದು ಆಕಾರದ ವಸ್ತುವಿಗೂ ಒಂದೊಂದು ‘ಕೊಡು’. ತೆಳ್ಳಗಿನದಕ್ಕೆ ಒಂದು, ಉದ್ದನೆಯದಕ್ಕೆ ಇನ್ನೊಂದು, ಜೀವ ಇದ್ದದ್ದಕ್ಕೆ ಮತ್ತೊಂದು. ಗಾಬರಿಯಲ್ಲಿ ಅವನ ಬಾಯಿಂದ ಬಂದದ್ದು ಅಂಬಲಿ, ಕೆಸರು ಮುಂತಾದ ಪಿಚಪಿಚ ಪದಾರ್ಥದ ‘ಕೊಡು’.

ಅಜ್ಜಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಕೆಳಗೇನಾದರೂ ಸೋರುತ್ತಿದೆಯೇ ಎಂದು ನೋಡಿದಳು. ಅಂಕಣದ ಚಾವಣಿ ಹಾರಿಹೋಗುವಂತೆ ಜನ ನಕ್ಕರು. “ಮೇಷ್ಟ್ರು ಕಾಗದಾನ ಗಂಜಿ ಮಾಡ್ಕೊಂಡ್ರಪ್ಪೋ!” ಎಂದು ಚೆಸ್ಟರ್ ಮೈಕಿನಲ್ಲಿ ಅರಚಿದ.

ಆದರೂ ನಗುವಿನಲ್ಲಿ ಸಿಟ್ಟು ಕರಗಿತ್ತು. ಡೀನ್ ಅಲ್ಲೇ ಪಟ್ಟಿಗೆ ಮೊಹರು ಒತ್ತಿ, “ಭೇಷ್ ಕಣೋ, ನೀನು ಗೆದ್ದೆ” ಎಂದಳು. ‘ನೀನು’ ಕೇಳಿ ವರ್ಲನ್‌ಗೆ ಹಾರಾಡುವಷ್ಟು ಸಂತೋಷವಾಯಿತು. ಥೆಲ್ಮಾ ಸುಟ್ಟ ಮಾಂಸ, ಹಸಿಮೆಣಸಿನಕಾಯಿ ತುಂಬಿದ ದಪ್ಪ ರೊಟ್ಟಿ ಕೈಗಿಟ್ಟಳು. ಅದನ್ನು ಹಿಡಿದು ಅವನು ಕುಣಿಯುತ್ತ ತನ್ನ ಕೋಣೆಗೆ ಬಂದ.

ಮೊದಲ ತುತ್ತು ನುಂಗುವ ಮೊದಲೇ ಲೂವಜ್ಜಿ ಒಳಬಂದು ಬಾಗಿಲು ಹಾಕಿದಳು.

“ನನ್ನ ಪಾಸು ಮಾಡು ಅಂತ ಯಾರೋ ನಿನಗೆ ಹೇಳಿದ್ದು?”

“ಅಜ್ಜಿ, ನೂರಕ್ಕೆ ನೂರು...”

“ಮೂವತ್ತೊಂದು ಬರೋಕೆ ನಾನೆಷ್ಟು ಕಷ್ಟಪಟ್ಟೆ ಗೊತ್ತಾ?” ಅಜ್ಜಿ ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ಮೇಲೆ ಡಾಕ್ಟರು, ಬಾಯಿ, ಔಷಧಿ ಎಲ್ಲವನ್ನೂ ಗೀಟು, ಅಕ್ಷರದ ಕೆಳಗಿನ ಮೂಗುದನಿಯ ಕೊಂಡಿ ಒಂದೂ ತಪ್ಪದಂತೆ ಬರೆದಳು. ಹಾಗೆಯೇ ಬದಿಯಲ್ಲಿ ವರ್ಲನ್ ಬರೆದಿಟ್ಟಿದ್ದ ಸೋಮವಾರದ ಪಾಠದಲ್ಲಿ ಎರಡು ತಪ್ಪು ತಿದ್ದಿದಳು. “ಚರ್ಚಿನಲ್ಲಿ ಮೂವತ್ತು ವರ್ಷ ನವಾಹೊ ಓದು ಬರಹ ಕಲಿಸ್ದೋಳು ನಾನು. ಬೇಕು ಅಂತಾನೇ ಫೇಲಾದೆ. ಫೇಲಾಗಿದ್ದು ಖಾತ್ರಿ ಆಗ್ಲಿ ಅಂತ ಊರಿಗೆಲ್ಲ ತೋರಿಸ್ಕೊಂಡೂ ಬಂದೆ.”

“ಯಾಕಜ್ಜಿ?”

“ಮನೇಲಿ ಹನ್ನೊಂದು ಜನ ಇದೀವಿ. ಎಲ್ಲರೂ ಇಂಗ್ಲಿಷಲ್ಲೇ ಫೋನು ಉಜ್ಜುತಾರೆ. ನನ್ನ ಮಾತು ತಿಳಿಯೋದು ನಾಯಿಗೊಂದೇ, ಅದಕ್ಕೂ ಈಗ ಕಿವಿ ಮಂದ. ನಿನ್ನ ಕ್ಲಾಸಲ್ಲಿ ಇಪ್ಪತ್ತೆರಡು ಮಕ್ಕಳು ನಾನು ಬಾಯಿ ತೆರೆದ್ರೆ ಕತ್ತೆತ್ತಿ ಕೇಳ್ತಾವೆ. ಇವತ್ತೂ ಅಷ್ಟು ಜನ ಕೇಳೋಕೆ ಕೂತಿದ್ದಕ್ಕೆ ನಾಲಿಗೆ ನಿಲ್ಲಲಿಲ್ಲ. ಪಾಸಾದ್ರೆ ನಾನೆಲ್ಲಿಗೋ ಹೋಗ್ಲಿ?”

“ಎರಡನೇ ಹಂತ ಇದೆಯಲ್ಲ ಅಜ್ಜಿ. ಕಂಪ್ಯೂಟರಲ್ಲಿ ನಡೆಯುತ್ತೆ, ಮನೇಲೇ ಕೂತು...”

“ಆ ಡಬ್ಬ ನನ್ನ ಅಜ್ಜಿ ಅಂತ ಕರೆಯುತ್ತೇನೋ? ಫೇಲು ಮಾಡು ನನ್ನ!”

“ಮೊಹರು ಬಿದ್ದುಹೋಯ್ತು. ಆಗಲ್ಲ ಅಜ್ಜಿ.”

ಅಜ್ಜಿ ಸೀಮೆಸುಣ್ಣ ಕೆಳಗಿಟ್ಟು, ಸೀದಾ ಡೀನ್ ಕೋಣೆಗೆ ನಡೆದಳು.

ಅರ್ಧ ಗಂಟೆಯಲ್ಲಿ ವರ್ಲನ್‌ಗೆ ಕರೆ ಬಂತು. “ಬನ್ನಿ, ಕೂತ್ಕೊಳ್ಳಿ” ಎಂದಳು ಡೀನ್. “ಲೂವಜ್ಜಿ ದೂರು ಬರೆದು ಕೊಟ್ಟಿದಾರೆ. ಟಗರು ಸತ್ತ ಕತೆಗೆ ನೀವು ನಕ್ಕಿರಂತೆ. ಅರ್ಥವಾಗದೆ ನೂರು ಅಂಕ ಹಾಕಿದೀರಂತೆ. ಅರ್ಥವಾಯ್ತು ಅಂತ ಗುರುತೂ ಇದೆ. ಹೌದಾ?”

ವರ್ಲನ್ ರೊಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

“ದೂರು ಬಂದ್ರೆ ಪರೀಕ್ಷಕರಿಗೇ ಪರೀಕ್ಷೆ ಆಗ್ಬೇಕು, ನಿಯಮ. ಅದಾಗೋವರೆಗೂ ನಿಮ್ಮ ಖಾಯಂ ಕಾಗದ ಹೀಗೇ ಇರುತ್ತೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ, ಅದೇ ಅಂಕಣದಲ್ಲಿ. ಚೆಸ್ಟರ್‌ಗೆ ಹೇಳಾಗಿದೆ.”

“ಪರೀಕ್ಷೆ ಯಾರು ಮಾಡ್ತಾರೆ ಮೇಡಂ?”

“ನವಾಹೊದಲ್ಲಿ ನೂರಕ್ಕೆ ನೂರು ಇರೋರೇ ಮಾಡ್ಬೇಕಂತೆ. ಈ ಕಾಲೇಜಿನಲ್ಲಿ ಅಂಥೋರು ಇರೋದು ಒಬ್ಬರೇ. ಇವತ್ತಿನಿಂದ ಅವರು ನಮ್ಮ ಖಾಯಂ ಪರೀಕ್ಷಕರು. ವಾರಕ್ಕೆ ಐದು ದಿನ ಎಲ್ಲಾ ಕ್ಲಾಸಿಗೂ ಬರ್ತಾರೆ. ನಿಮ್ಮ ಕ್ಲಾಸಿಗೆ ಮೊದಲು.”

ಕಿಟಕಿಯ ಬಳಿ ಕೂತಿದ್ದ ಲೂವಜ್ಜಿ ಎದ್ದು ಬಂದಳು. ಮುಖದ ಸುಕ್ಕುಗಳೆಲ್ಲ ನಗುತ್ತಿದ್ದವು. ವರ್ಲನ್‌ನ ಕೈಯಲ್ಲಿ ಇನ್ನೂ ತಿನ್ನದೆ ಉಳಿದಿದ್ದ ರೊಟ್ಟಿಯನ್ನು ತೆಗೆದುಕೊಂಡು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು.

“ಹೆದರ್ಕೋಬೇಡ ಮೊಮ್ಮಗನೇ, ನಿಧಾನವಾಗೇ ಕೇಳ್ತೀನಿ” ಎಂದಳು. “ಆದ್ರೆ ನಾಳೆ ಬುತ್ತಿ ಕಟ್ಕೊಂಡು ಬಾ. ನನಗೂ ಸೇರಿಸಿ.”